ಮನೆಯ ಬಿಸಿಯನ್ನು ಎಲ್ಲಿಗೆ ಕಳಿಸಬೇಕು?

ಗಲ್ಫ್‌ನಲ್ಲಿರುವ ನಮಗೆ ಎಸಿ ಐಷಾರಾಮದ ವಸ್ತುವಲ್ಲ, ಅನ್ನ ನೀರಿನಷ್ಟೇ ಅಗತ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಂದು ರಾತ್ರಿ ಕೆಟ್ಟರೂ ಸಾಕು, ಕ್ಯಾಂಪಿನಲ್ಲಾಗಲಿ ಫ್ಲ್ಯಾಟಿನಲ್ಲಾಗಲಿ ಯಾರಿಗೂ ನಿದ್ದೆ ಇರುವುದಿಲ್ಲ. ಆದರೆ ಆ ಪೆಟ್ಟಿಗೆ ನಮ್ಮ ಕೋಣೆಯಿಂದ ಎಳೆದುಕೊಂಡ ಬಿಸಿಯನ್ನು ಎಲ್ಲಿ ಸುರಿಯುತ್ತದೆ ಎಂದು ನಾವು ಕೇಳುವುದು ಕಡಿಮೆ. ಈ ಲೇಖನ ಆ ಒಂದು ಪ್ರಶ್ನೆಯ ಬಗ್ಗೆ. ನಾವು ದುಡಿಯುತ್ತಿರುವ ಈ ದೇಶಕ್ಕೂ, ಊರಿನಲ್ಲಿ ನಾವು ಕಟ್ಟಿಸುತ್ತಿರುವ ಮನೆಗೂ, ನಮ್ಮಲ್ಲಿ ಕೆಲವರು ಮುಂದೆ ಹೋಗಬೇಕೆಂದು ಅರ್ಜಿ ಹಾಕಿಕೊಂಡಿರುವ ಚಳಿಯ ದೇಶಗಳಿಗೂ ಈ ಪ್ರಶ್ನೆ ಸಂಬಂಧಪಟ್ಟದ್ದು.

ನಾನು ಎಂಜಿನಿಯರ್ ಅಲ್ಲ. ಡಿ.ಫಾರ್ಮ ಓದಿ, ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ ಮಾಡುವ ಮನುಷ್ಯ. ಆದರೆ ನಮ್ಮ ಕೆಲಸದಲ್ಲಿ ಅರ್ಧ ಭಾಗ ಡಿಗ್ರಿ ಲೆಕ್ಕವೇ. ಇನ್ಸುಲಿನ್, ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಮಾತ್ರೆ, ಸಿರಪ್‌ಗಳಲ್ಲಿ ಬಹುಪಾಲು 25 ಅಥವಾ 30 ಡಿಗ್ರಿ ದಾಟಬಾರದು. ಫ್ರಿಜ್‌ನ ತಾಪಮಾನವನ್ನು ದಿನವೂ ಬರೆದಿಡುತ್ತೇವೆ. ಹಾಗಾಗಿ ತಂಪು ಎಲ್ಲಿಂದ ಬರುತ್ತದೆ, ಅದಕ್ಕೆ ಎಷ್ಟು ಬೆಲೆ ತೆರಬೇಕು ಎಂಬ ಕುತೂಹಲ ನನಗೆ ಮೊದಲಿನಿಂದಲೂ ಇದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಬಿಸಿಯನ್ನು ಹೊರಗಿನ ಗಾಳಿಗೆ ಎಸೆಯುವ ಬದಲು ನೆಲದೊಳಗೆ ಇಳಿಸುವ, ಚಳಿಗಾಲದಲ್ಲಿ ಅದೇ ನೆಲದಿಂದ ಬಿಸಿಯನ್ನು ಮೇಲೆತ್ತುವ ಯಂತ್ರವೊಂದಿದೆ. ಜಿಯೋಥರ್ಮಲ್ ಹೀಟ್ ಪಂಪ್ ಎನ್ನುತ್ತಾರೆ. ನಾವು ಭೂಶಾಖ ಪಂಪ್ ಎನ್ನೋಣ. ಅದು ಒಳ್ಳೆಯ ಮದ್ದು. ಆದರೆ ಯಾವ ಮದ್ದೂ ಎಲ್ಲರಿಗೂ ಹೊಂದುವುದಿಲ್ಲ. ಯಾರಿಗೆ, ಎಷ್ಟು, ಯಾವಾಗ, ಅಡ್ಡ ಪರಿಣಾಮ ಏನು ಎಂದು ನೋಡಿಯೇ ಕೊಡಬೇಕು. ಮನೆ ಕಟ್ಟಿಸುವ ನಾವು, ಎಸಿ ಕೆಲಸ ಮಾಡುವ ನಾವು, ಇದನ್ನು ತಿಳಿದುಕೊಳ್ಳದೆ ಇರುವುದು ನಮಗೇ ನಷ್ಟ.

ಬಾವಿ ನೀರಿನ ಪಾಠ

ಡಿಸೆಂಬರ್ ಬೆಳಗಿನ ಚಳಿಯಲ್ಲಿ ಊರಿನ ಬಾವಿಯಿಂದ ಸೇದಿದ ನೀರು ಕೈಗೆ ಬೆಚ್ಚಗೆ ಹತ್ತುತ್ತದೆ. ಏಪ್ರಿಲ್ ಮಧ್ಯಾಹ್ನ ಅದೇ ಬಾವಿಯ ನೀರು ತಣ್ಣಗಿರುತ್ತದೆ. ನೀರಿನ ತಾಪಮಾನ ಹೆಚ್ಚುಕಡಿಮೆ ಅಷ್ಟೇ ಇತ್ತು. ಬದಲಾದದ್ದು ಹೊರಗಿನ ಗಾಳಿ, ನಮ್ಮ ಕೈ. ನೆಲದೊಳಗೆ ಮೂವತ್ತು ನಲವತ್ತು ಅಡಿ ಇಳಿದರೆ ಬೇಸಿಗೆ, ಚಳಿಗಾಲ ಎರಡೂ ಅಲ್ಲಿಗೆ ತಲುಪುವುದಿಲ್ಲ. ಆ ಊರಿನ ಇಡೀ ವರ್ಷದ ಸರಾಸರಿ ತಾಪಮಾನ ಎಷ್ಟೋ ಅದರ ಆಸುಪಾಸಿನಲ್ಲೇ ನೆಲ ನಿಂತಿರುತ್ತದೆ. ಬೆಂಗಳೂರಿನಲ್ಲಿ ಅದು ಸುಮಾರು 24 ಡಿಗ್ರಿ, ಮಂಗಳೂರು ಕಡೆ 27ರ ಆಸುಪಾಸು, ಇಲ್ಲಿ ಅಬುಧಾಬಿ, ದುಬೈಗಳಲ್ಲಿ 30ರ ಹತ್ತಿರ.

ನಮ್ಮ ಉತ್ತರ ಕರ್ನಾಟಕದ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ತೋಡಿದ ಆ ಕಣಜದಲ್ಲಿ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಗಾಳಿಯಾಡದಿರುವುದು ಒಂದು ಕಾರಣ, ಬಿಸಿಲು ತಟ್ಟದೆ ಒಂದೇ ಹದದಲ್ಲಿರುವ ನೆಲ ಇನ್ನೊಂದು ಕಾರಣ.

ಗಲ್ಫ್‌ನಲ್ಲೂ ಈ ಪಾಠ ನಮಗೆ ದಿನವೂ ಸಿಗುತ್ತದೆ. ಜುಲೈ ತಿಂಗಳಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ, ಏಕೆಂದರೆ ಟ್ಯಾಂಕ್ ಇರುವುದು ಬಿಸಿಲಿನ ಟೆರೇಸ್ ಮೇಲೆ. ಗೀಸರ್ ಸ್ವಿಚ್ ಆರಿಸಿ, ಬಿಸಿನೀರಿನ ನಲ್ಲಿಯಿಂದ ತಣ್ಣೀರು ಹಿಡಿಯುವ ಉಪಾಯ ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲೇ ಎಲ್ಲರೂ ಕಲಿಯುತ್ತಾರೆ. ಗೀಸರ್ ಟ್ಯಾಂಕ್ ಎಸಿಯ ತಂಪಿನೊಳಗಿದೆ, ಅಲ್ಲಿ ನಿಂತ ನೀರು ತಣಿಯುತ್ತದೆ. ನೀರು ಎಲ್ಲಿ ನಿಂತಿದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಯಂತ್ರ ಮಾಡುವುದೇನು?

ಎಸಿಯಾಗಲಿ ಫ್ರಿಜ್ ಆಗಲಿ ತಂಪನ್ನು ತಯಾರಿಸುವುದಿಲ್ಲ. ಬಿಸಿಯನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಸುರಿಯುತ್ತದೆ. ಫ್ರಿಜ್‌ನ ಬೆನ್ನ ಮೇಲೆ ಕೈಯಿಟ್ಟರೆ ಬೆಚ್ಚಗಿರುವುದು ಅದಕ್ಕೇ. ಎತ್ತುವ ಕೆಲಸಕ್ಕೆ ಕಂಪ್ರೆಸರ್ ಬೇಕು, ಕಂಪ್ರೆಸರ್‌ಗೆ ಕರೆಂಟ್ ಬೇಕು. ಕಟ್ಟಡದ ಪಂಪ್ ನೀರನ್ನು ಎರಡನೇ ಮಹಡಿಗೆ ಏರಿಸಲು ತೆಗೆದುಕೊಳ್ಳುವ ಕರೆಂಟಿಗೂ ಹತ್ತನೇ ಮಹಡಿಗೆ ಏರಿಸಲು ತೆಗೆದುಕೊಳ್ಳುವ ಕರೆಂಟಿಗೂ ವ್ಯತ್ಯಾಸವಿದೆಯಲ್ಲ, ಇಲ್ಲೂ ಹಾಗೆಯೇ. ಒಳಗಿನ ತಾಪಮಾನಕ್ಕೂ ಬಿಸಿ ಸುರಿಯುವ ಜಾಗದ ತಾಪಮಾನಕ್ಕೂ ಅಂತರ ಹೆಚ್ಚಿದಷ್ಟೂ ಖರ್ಚು ಹೆಚ್ಚು.

ಆಗಸ್ಟ್ ಮಧ್ಯಾಹ್ನದ ಲೆಕ್ಕ ನೋಡಿ. ಕೋಣೆ 24 ಡಿಗ್ರಿ, ಹೊರಗೆ 46. ಸಾಮಾನ್ಯ ಎಸಿ ಕೋಣೆಯ ಬಿಸಿಯನ್ನು 46 ಡಿಗ್ರಿಯ ಗಾಳಿಗೆ ತಳ್ಳಬೇಕು. ಹೊರಗಿನ ಯೂನಿಟ್‌ನ ಕೊಳವೆ ಆ ಗಾಳಿಗಿಂತಲೂ ಬಿಸಿಯಾದರೆ ಮಾತ್ರ ಬಿಸಿ ಇಳಿಯುತ್ತದೆ. ಅಂದರೆ ನಮಗೆ ಅತಿ ಹೆಚ್ಚು ತಂಪು ಬೇಕಾದ ಹೊತ್ತಿನಲ್ಲೇ ಯಂತ್ರಕ್ಕೆ ಅತಿ ಹೆಚ್ಚು ಕಷ್ಟ. ಅದೇ ಬಿಸಿಯನ್ನು 30 ಡಿಗ್ರಿಯ ನೆಲಕ್ಕೆ ಇಳಿಸುವುದಾದರೆ ಏರಬೇಕಾದ ಮೆಟ್ಟಿಲು ತೀರಾ ಕಡಿಮೆ.

ಚಳಿ ದೇಶದಲ್ಲಿ ಲೆಕ್ಕ ತಿರುಗುತ್ತದೆ. ಹೊರಗೆ ಮೈನಸ್ 10, ನೆಲದಲ್ಲಿ 10, ಮನೆಯೊಳಗೆ ಬೇಕಾದದ್ದು 21. ಗಾಳಿಯಿಂದ ಬಿಸಿ ಎತ್ತುವುದಕ್ಕಿಂತ ನೆಲದಿಂದ ಎತ್ತುವುದು ಸುಲಭ. ಕಾಯಿಲ್ ಇರುವ ಸಾಮಾನ್ಯ ಹೀಟರ್ ಒಂದು ಯೂನಿಟ್ ಕರೆಂಟ್ ತಿಂದು ಒಂದು ಯೂನಿಟ್ ಬಿಸಿ ಕೊಡುತ್ತದೆ. ಒಳ್ಳೆಯ ಭೂಶಾಖ ಪಂಪ್ ಒಂದು ಯೂನಿಟ್ ಕರೆಂಟ್ ತೆಗೆದುಕೊಂಡು ಮೂರರಿಂದ ನಾಲ್ಕು ಯೂನಿಟ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಿಸಿ ಕೊಡುತ್ತದೆ. ಮಿಕ್ಕದ್ದನ್ನು ನೆಲ ಕೊಟ್ಟಿರುತ್ತದೆ.

ಇದನ್ನು ಅಳವಡಿಸುವ ಕ್ರಮವೂ ಸರಳ. ಮನೆಯ ಸುತ್ತ ಜಾಗವಿದ್ದರೆ ಕೆಲವು ಅಡಿ ಆಳದ ಕಾಲುವೆ ತೋಡಿ ಗಟ್ಟಿ ಪ್ಲಾಸ್ಟಿಕ್ ಕೊಳವೆ ಹೂಳುತ್ತಾರೆ. ಜಾಗ ಕಡಿಮೆಯಿದ್ದರೆ 100ರಿಂದ 400 ಅಡಿ ಆಳದ ರಂಧ್ರಗಳನ್ನು ಸುಮಾರು 20 ಅಡಿ ಅಂತರದಲ್ಲಿ ಕೊರೆದು, ಯು ಆಕಾರದ ಕೊಳವೆ ಇಳಿಸಿ, ಸುತ್ತ ತುಂಬಿ ಮುಚ್ಚುತ್ತಾರೆ. ಕೊಳವೆಯೊಳಗೆ ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಬೋರ್‌ವೆಲ್‌ನಂತೆ ನೀರನ್ನು ಮೇಲೆ ಎತ್ತಿ ಖಾಲಿ ಮಾಡುವುದಿಲ್ಲ. ಜ್ವಾಲಾಮುಖಿಯ ಹಬೆಯಿಂದ ಕರೆಂಟ್ ತೆಗೆಯುವ ಕೆಲಸಕ್ಕೂ ಇದಕ್ಕೂ ಹೆಸರಿನಲ್ಲಿ ಮಾತ್ರ ಹೋಲಿಕೆ.

ಇದು ಹೊಸದೇನಲ್ಲ

ಹೀಟ್ ಪಂಪಿನ ಯೋಚನೆಯನ್ನು ಲಾರ್ಡ್ ಕೆಲ್ವಿನ್ 1852ರಲ್ಲೇ ಮುಂದಿಟ್ಟಿದ್ದರು. ನೆಲದ ಶಾಖವನ್ನು ಹೀಗೆ ಬಳಸುವ ಪೇಟೆಂಟನ್ನು ಸ್ವಿಟ್ಜರ್ಲೆಂಡಿನ ಹೈನ್ರಿಕ್ ಝೋಲಿ 1912ರಲ್ಲಿ ಪಡೆದರು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ರಾಬರ್ಟ್ ವೆಬರ್ ಎಂಬವರು ತಮ್ಮ ಮನೆಗಾಗಿ ತಾಮ್ರದ ಕೊಳವೆಗಳನ್ನು ನೆಲದಲ್ಲಿ ಹೂತು ಶಾಖ ತೆಗೆದರು. 1948ರಲ್ಲಿ ಅದೇ ದೇಶದ ಪೋರ್ಟ್‌ಲೆಂಡ್ ನಗರದಲ್ಲಿ, ಈಗ ಕಾಮನ್‌ವೆಲ್ತ್ ಬಿಲ್ಡಿಂಗ್ ಎಂದು ಕರೆಯುವ ದೊಡ್ಡ ಕಚೇರಿ ಕಟ್ಟಡ ಅಂತರ್ಜಲವನ್ನೇ ಬಳಸುವ ಹೀಟ್ ಪಂಪ್‌ನಿಂದ ಬಿಸಿ, ತಂಪು ಎರಡನ್ನೂ ಪಡೆಯತೊಡಗಿತು.

1973ರ ತೈಲ ಬಿಕ್ಕಟ್ಟಿನ ನಂತರ ಸ್ವೀಡನ್ ಈ ದಾರಿ ಹಿಡಿಯಿತು. ಇದೇ ಗಲ್ಫ್‌ನ ತೈಲದ ಬೆಲೆ ಏರಿದಾಗ, ತೈಲ ಉರಿಸಿ ಮನೆ ಬೆಚ್ಚಗಿಡುತ್ತಿದ್ದವರು ಮನೆಯ ಕೆಳಗಿನ ಕಲ್ಲುಬಂಡೆಯ ಕಡೆ ನೋಡಿದರು. ಇಂದು ಅಲ್ಲಿ ಲಕ್ಷಗಟ್ಟಲೆ ಮನೆಗಳು ಹಿತ್ತಲಿನ ರಂಧ್ರದಿಂದ ಬಿಸಿ ಪಡೆಯುತ್ತಿವೆ. ಅಮೆರಿಕದ ಇಂಡಿಯಾನಾ ರಾಜ್ಯದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯ 2009ರಲ್ಲಿ ಕೆಲಸ ಆರಂಭಿಸಿ ಸುಮಾರು 3,600 ರಂಧ್ರ ಕೊರೆಯಿತು, ನಲವತ್ತಕ್ಕೂ ಹೆಚ್ಚು ಕಟ್ಟಡಗಳನ್ನು ಅದಕ್ಕೆ ಜೋಡಿಸಿತು, 2014ರಲ್ಲಿ ತನ್ನ ಕಲ್ಲಿದ್ದಲಿನ ಬಾಯ್ಲರ್‌ಗಳನ್ನು ನಿಲ್ಲಿಸಿಬಿಟ್ಟಿತು.

ಗುಣಗಳು

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರ ವರದಿಯಲ್ಲಿ ಇದನ್ನು ಅಳೆದು ನೋಡಿದೆ. ಗಾಳಿಗೆ ಬಿಸಿ ಎಸೆಯುವ ಹೀಟ್ ಪಂಪ್‌ಗೆ ಹೋಲಿಸಿದರೆ ಶೇ. 44ರವರೆಗೆ, ಕಾಯಿಲ್ ಹೀಟರ್ ಮತ್ತು ಸಾಮಾನ್ಯ ಎಸಿಯ ಜೋಡಿಗೆ ಹೋಲಿಸಿದರೆ ಶೇ. 72ರವರೆಗೆ ಇಂಧನ ಉಳಿಯಬಹುದು ಎಂದಿದೆ. ‘ವರೆಗೆ’ ಎಂಬ ಪದವನ್ನು ಗಮನಿಸಿ. ಪ್ರತಿ ಮನೆಗೂ ಅಷ್ಟೇ ಸಿಗುತ್ತದೆ ಎಂದಲ್ಲ.

ಎರಡನೆಯ ಗುಣ ಬಾಳಿಕೆ. ಮನೆಯೊಳಗಿನ ಯಂತ್ರ ಇಪ್ಪತ್ತು ವರ್ಷಕ್ಕೂ ಹೆಚ್ಚು, ನೆಲದೊಳಗಿನ ಕೊಳವೆ ಐವತ್ತು ವರ್ಷಕ್ಕೂ ಹೆಚ್ಚು ಬರುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಬಿಸಿಲು, ಮಳೆ, ಕಡಲ ಉಪ್ಪು ಗಾಳಿ ಯಾವುದೂ ಅದಕ್ಕೆ ತಗಲುವುದಿಲ್ಲ. ಉಪ್ಪು ಗಾಳಿಗೆ ಎಸಿಯ ಹೊರಗಿನ ಯೂನಿಟ್ ತುಕ್ಕು ಹಿಡಿಯುವುದನ್ನು ಉಡುಪಿ, ಕಾರವಾರ, ಭಟ್ಕಳದವರಿಗೆ ನಾನು ಹೇಳಬೇಕಾಗಿಲ್ಲ.

ಮೂರನೆಯದು ಬಿಸಿನೀರು. ತಂಪು ಮಾಡುವಾಗ ಎತ್ತಿದ ಬಿಸಿಯ ಒಂದು ಭಾಗವನ್ನು ಸ್ನಾನದ ನೀರಿಗೆ ಕೊಡಬಹುದು. ಒಂದೇ ಯಂತ್ರ ಎರಡು ಕೆಲಸ ಮಾಡುತ್ತದೆ.

ನಾಲ್ಕನೆಯ ಗುಣವನ್ನು ಜಾಹೀರಾತುಗಳಲ್ಲಿ ಯಾರೂ ಹೇಳುವುದಿಲ್ಲ, ನಮ್ಮವರಿಗೆ ಮಾತ್ರ ಅದು ದೊಡ್ಡದು. ಈ ವ್ಯವಸ್ಥೆಯಲ್ಲಿ ಟೆರೇಸಿನ ಮೇಲೆ ಯೂನಿಟ್ ಇರುವುದಿಲ್ಲ. ಯಂತ್ರ ಒಳಗಿನ ಕೋಣೆಯಲ್ಲಿರುತ್ತದೆ. ಬೇಸಿಗೆಯಲ್ಲಿ ಸುಡುವ ಟೆರೇಸ್ ಮೇಲೆ ಕುಳಿತು ಔಟ್‌ಡೋರ್ ಯೂನಿಟ್ ಬಿಚ್ಚುವವರು ಯಾರು? ನಮ್ಮ ಹುಡುಗರೇ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ, ಒಳ್ಳೆಯದೇ. ಆದರೆ ಮೂರು ಗಂಟೆಯ ನಂತರವೂ ಟೆರೇಸ್ ತಣ್ಣಗಾಗಿರುವುದಿಲ್ಲ. ಬಿಸಿಯನ್ನು ಎಲ್ಲಿಗೆ ಕಳಿಸುತ್ತೇವೆ ಎಂಬ ಪ್ರಶ್ನೆಯಲ್ಲಿ, ಆ ಬಿಸಿಯ ಪಕ್ಕ ನಿಂತು ಕೆಲಸ ಮಾಡುವವನ ಮೈಯೂ ಸೇರಿದೆ.

ಅಡ್ಡ ಪರಿಣಾಮಗಳು

ಔಷಧದ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯಲ್ಲಿ ಗುಣ ಎರಡು ಸಾಲು, ಎಚ್ಚರಿಕೆ ಎರಡು ಪುಟ ಇರುತ್ತದೆ. ಇಲ್ಲೂ ಎಚ್ಚರಿಕೆಗಳನ್ನು ಹೇಳದೆ ಬಿಡಲಾಗದು.

ಮೊದಲನೆಯದು ಹಣ. ಕೊರೆಯುವ ಕೆಲಸಕ್ಕೇ ದೊಡ್ಡ ಪಾಲು ಹೋಗುತ್ತದೆ. ಒಂದು ಟನ್ ಸಾಮರ್ಥ್ಯಕ್ಕೆ ಸುಮಾರು 150ರಿಂದ 200 ಅಡಿ ರಂಧ್ರ ಬೇಕಾಗುತ್ತದೆ ಎಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ಒರಟು ಲೆಕ್ಕ. ಮೂರು ಟನ್ ಬೇಕಾದ ಮನೆಗೆ 450ರಿಂದ 600 ಅಡಿ. ಅಲ್ಲಿ ಹೆಚ್ಚುವರಿ ಖರ್ಚು 5ರಿಂದ 10 ವರ್ಷದಲ್ಲಿ ಕರೆಂಟ್ ಬಿಲ್ ಉಳಿತಾಯದಿಂದ ಮರಳಿ ಬರಬಹುದೆಂದು ಇಂಧನ ಇಲಾಖೆ ಹೇಳುತ್ತದೆ. ಅದು ವರ್ಷದ ಹಲವು ತಿಂಗಳು ಮನೆ ಬಿಸಿ ಮಾಡಲೇಬೇಕಾದ ನಾಡಿನ ಲೆಕ್ಕ.

ಎರಡನೆಯದು ಇನ್ನೂ ಮುಖ್ಯ. ನೆಲ ಒಂದು ಉಳಿತಾಯ ಖಾತೆಯಿದ್ದಂತೆ. ಸ್ವೀಡನ್‌ನಲ್ಲಿ, ಇಂಡಿಯಾನಾದಲ್ಲಿ ಚಳಿಗಾಲದಲ್ಲಿ ಬಿಸಿ ತೆಗೆಯುತ್ತಾರೆ, ಬೇಸಿಗೆಯಲ್ಲಿ ಬಿಸಿ ಜಮಾ ಆಗುತ್ತದೆ. ನಮ್ಮಂಥ ಸೆಕೆಯ ನಾಡಿನಲ್ಲಿ ಬರೀ ಜಮಾ, ತೆಗೆಯುವುದೇ ಇಲ್ಲ. ವರ್ಷದಿಂದ ವರ್ಷಕ್ಕೆ ಕೊಳವೆಯ ಸುತ್ತಲಿನ ಮಣ್ಣು ಬಿಸಿಯೇರುತ್ತದೆ. ಕೆಲವು ವರ್ಷಗಳಲ್ಲಿ 30 ಡಿಗ್ರಿಯ ನೆಲ 30 ಡಿಗ್ರಿಯಾಗಿ ಉಳಿಯದು, ಮೊದಲ ವರ್ಷದ ಲಾಭ ಸವೆಯುತ್ತದೆ. ಇದಕ್ಕೆ ಪರಿಹಾರಗಳಿವೆ: ಹೆಚ್ಚು ಉದ್ದದ ಕೊಳವೆ, ರಂಧ್ರಗಳ ನಡುವೆ ಹೆಚ್ಚು ಅಂತರ, ಅರ್ಧ ಬಿಸಿಯನ್ನು ಕೂಲಿಂಗ್ ಟವರ್‌ಗೆ ಕಳಿಸುವ ಜೋಡಿ ವ್ಯವಸ್ಥೆ. ಎಲ್ಲಕ್ಕೂ ಮತ್ತೆ ಹಣ ಬೇಕು, ಲೆಕ್ಕ ಬಲ್ಲ ಎಂಜಿನಿಯರ್ ಬೇಕು. ಆದ್ದರಿಂದ ನೆಲದ ತಂಪಿಗೆ ಕೊನೆಯಿಲ್ಲ ಎಂದು ಯಾರಾದರೂ ಮಾರಲು ಬಂದರೆ ಹುಷಾರಾಗಿರಿ.

ಇಲ್ಲಿ, ಗಲ್ಫ್‌ನಲ್ಲಿ

ಬಾಡಿಗೆ ಫ್ಲ್ಯಾಟಿನಲ್ಲೋ ಕಂಪನಿಯ ಕೋಣೆಯಲ್ಲೋ ಇರುವ ನಾವು ನೆಲ ಕೊರೆಯಲು ಹೋಗುವುದಿಲ್ಲ. ಆದರೆ ಇಲ್ಲಿನ ಸರ್ಕಾರಗಳು ಇದೇ ಪ್ರಶ್ನೆಗೆ ತಮ್ಮದೇ ಉತ್ತರ ಹುಡುಕಿಕೊಂಡಿವೆ. ಹಳೆಯ ದುಬೈನ ಅಲ್ ಫಹೀದಿ ಬಡಾವಣೆಯ ಗಾಳಿಗೋಪುರಗಳು ಒಂದು ಕಾಲದ ಉತ್ತರ. ಇಂದಿನ ಉತ್ತರ ಡಿಸ್ಟ್ರಿಕ್ಟ್ ಕೂಲಿಂಗ್: ಮನೆಮನೆಗೆ ಎಸಿ ಇಡದೆ, ಬಡಾವಣೆಗೊಂದು ಸ್ಥಾವರದಲ್ಲಿ ನೀರನ್ನು ತಣ್ಣಗೆ ಮಾಡಿ ಕೊಳವೆಯಲ್ಲಿ ಕಳಿಸುವುದು. ದುಬೈ, ಅಬುಧಾಬಿ, ದೋಹಾಗಳಲ್ಲಿ ನಮ್ಮಲ್ಲಿ ಎಷ್ಟೋ ಜನ ಅಂಥ ಕಟ್ಟಡಗಳಲ್ಲೇ ಇದ್ದೇವೆ.

2023ರ ಡಿಸೆಂಬರ್‌ನಲ್ಲಿ ಅಬುಧಾಬಿಯ ಮಸ್ದರ್ ಸಿಟಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಅಡ್ನಾಕ್ ಮತ್ತು ತಬ್ರೀದ್ ಕಂಪನಿಗಳು ಸೇರಿ ಜಿ2ಕೂಲ್ ಎಂಬ ಸ್ಥಾವರ ಆರಂಭಿಸಿದವು. ಆಳದ ಬಾವಿಗಳಿಂದ 90 ಡಿಗ್ರಿಗೂ ಹೆಚ್ಚು ಬಿಸಿಯ ನೀರು ಬರುತ್ತದೆ. ಆ ಬಿಸಿಯನ್ನೇ ಶಕ್ತಿಯಾಗಿ ಬಳಸಿ ಅಬ್ಸಾರ್ಪ್ಶನ್ ಯಂತ್ರದಲ್ಲಿ ನೀರನ್ನು ತಣಿಸುತ್ತಾರೆ. ಮಸ್ದರ್ ಸಿಟಿಗೆ ಬೇಕಾದ ತಂಪಿನಲ್ಲಿ ಶೇ. 10ರಷ್ಟನ್ನು ಇದು ಕೊಡುವಂತೆ ರೂಪಿಸಿದ್ದಾರೆ. ಬಿಸಿಯಿಂದ ತಂಪು ಹೇಗೆ ಎಂದು ಆಶ್ಚರ್ಯವಾಗಬಹುದು. ಹಿಂದೆ ಸೀಮೆಎಣ್ಣೆ ದೀಪದಿಂದ ನಡೆಯುತ್ತಿದ್ದ ಲಸಿಕೆಯ ಫ್ರಿಜ್‌ಗಳ ಒಳಗಿನ ಸೂತ್ರವೂ ಇದೇ. ಬೆಂಕಿಯ ಶಾಖವೇ ಅಲ್ಲಿ ಕಂಪ್ರೆಸರ್‌ನ ಕೆಲಸ ಮಾಡುತ್ತಿತ್ತು. ಮಸ್ದರ್‌ನದು ಭೂಶಾಖ ಪಂಪ್ ಅಲ್ಲ, ಅದರ ದಾಯಾದಿ ಎನ್ನಬಹುದು. ಆದರೆ ತೈಲದ ನಾಡೇ ತಂಪಿಗಾಗಿ ನೆಲದ ಶಾಖವನ್ನು ಪರೀಕ್ಷಿಸುತ್ತಿದೆ ಎನ್ನುವುದು ಯೋಚಿಸಬೇಕಾದ ಸಂಗತಿ.

ಊರಿನ ಮನೆ

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ನಮ್ಮ ದುಡಿಮೆಯ ದೊಡ್ಡ ಪಾಲು ಊರಿನ ಮನೆಗೆ ಹೋಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯ ತುಂಬ ಹಂಚಿನ ಮಾಡು ಬಂತು. ನಮ್ಮ ವಿಜಯಪುರದ ಕಡೆ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳಿದ್ದವು. ಗಲ್ಫ್ ಹಣ ಬಂದ ಮೇಲೆ ಎರಡೂ ಕಡೆ ಟೆರೇಸ್ ಮನೆ ಎದ್ದಿತು. ಮಳೆಗೆ ಸೋರದ, ಗೆದ್ದಲು ಹತ್ತದ ಮನೆ ಬೇಕೆಂದು ಆಸೆಪಟ್ಟದ್ದರಲ್ಲಿ ತಪ್ಪೇನಿಲ್ಲ. ಆದರೆ ಹಗಲಿಡೀ ಬಿಸಿಲು ಕುಡಿದ ಕಾಂಕ್ರೀಟ್ ಸ್ಲ್ಯಾಬ್ ರಾತ್ರಿಯಿಡೀ ಅದನ್ನು ಕೆಳಗೆ ಮಲಗಿದವರ ಮೇಲೆ ಇಳಿಸುತ್ತದೆ. ಕೆಳಗೆ ಮಲಗಿದವರು ಯಾರು? ನಾವಲ್ಲ. ನಮ್ಮ ಅಪ್ಪ ಅಮ್ಮ.

ಇಲ್ಲಿ ನನ್ನ ಕಸುಬಿನ ಮಾತು ಒಂದಿಷ್ಟು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಸೆಕೆಯಲ್ಲಿ ಮೈಯ ನೀರು ಬೇಗ ಕಡಿಮೆಯಾಗುತ್ತದೆ, ತಲೆ ಸುತ್ತಿ ಬೀಳುವ ಅಪಾಯ ಹೆಚ್ಚು. ವಯಸ್ಸಾದ ಮೇಲೆ ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ಬಳಸಲು ತೆರೆದ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿಯೊಳಗಿದ್ದರೆ ಮಾತ್ರ ಸುಮಾರು ನಾಲ್ಕು ವಾರ ಕೆಲಸಕ್ಕೆ ಬರುತ್ತದೆ. ಏಪ್ರಿಲ್‌ನಲ್ಲಿ ಮೇಲಿನ ಮಹಡಿಯ ಕೋಣೆಯ ಬೀರುವಿನಲ್ಲಿ ಆ ಮಿತಿ ಸುಲಭವಾಗಿ ದಾಟುತ್ತದೆ. ಆದ್ದರಿಂದ ಊರಿನ ಮನೆಯನ್ನು ತಂಪಾಗಿಡುವುದನ್ನು ಶೋಕಿ ಎಂದು ನಾನು ಭಾವಿಸುವುದಿಲ್ಲ. ಅದು ಆರೋಗ್ಯದ ಖರ್ಚು.

ಆದರೆ ಕ್ರಮ ಮುಖ್ಯ. ಒಂದೂವರೆ ಟನ್‌ನ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ 200 ಯೂನಿಟ್ ಆಸುಪಾಸು ಬೇಕು. ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಲು ಒಂದೇ ಕೋಣೆ ಸಾಕು. ಹಾಗೆಂದೇ ಎಷ್ಟೋ ಮನೆಗಳಲ್ಲಿ ಮಗ ರಜೆಗೆ ಬಂದಾಗ ಮಾತ್ರ ಎಸಿ ಓಡುತ್ತದೆ, ಉಳಿದ ಹನ್ನೊಂದು ತಿಂಗಳು ಅದರ ಮೇಲೆ ಬಟ್ಟೆ ಮುಚ್ಚಿರುತ್ತದೆ.

ಮೊದಲು ಬಿಸಿ ಒಳಬರದಂತೆ ತಡೆಯಬೇಕು. ಟೆರೇಸಿಗೆ ಬಿಳಿ ಬಳಿಯುವುದು, ಸ್ಲ್ಯಾಬಿನ ಮೇಲೆ ಅಂತರ ಬಿಟ್ಟು ಹಂಚು ಅಥವಾ ಶೀಟಿನ ಇನ್ನೊಂದು ಮಾಡು, ಪಶ್ಚಿಮದ ಗೋಡೆಗೆ ಮರದ ನೆರಳು, ಕಿಟಕಿಗೆ ಸಾಕಷ್ಟು ಚಾಚಿದ ಸಜ್ಜೆ. ಇವುಗಳ ಖರ್ಚು ಕಡಿಮೆ, ಲಾಭ ಪ್ರತಿದಿನ, ಕರೆಂಟ್ ಹೋದಾಗಲೂ. ಪಥ್ಯ ಮಾಡದೆ ಮಾತ್ರೆ ಹೆಚ್ಚಿಸಬಾರದು ಎನ್ನುತ್ತೇವಲ್ಲ, ಹಾಗೆ. ಎರಡನೆಯದು ಒಳ್ಳೆಯ ಸ್ಟಾರ್ ರೇಟಿಂಗ್‌ನ ಇನ್ವರ್ಟರ್ ಎಸಿ, ಅದರ ಔಟ್‌ಡೋರ್ ಯೂನಿಟ್ ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ. ಮೂರನೆಯದಾಗಿ ನೆಲದ ಮಾತು.

ಕರಾವಳಿಯಲ್ಲಿ ಬೇಸಿಗೆಯ ಗಾಳಿಗೂ ನೆಲಕ್ಕೂ ಅಂತರ ಏಳೆಂಟು ಡಿಗ್ರಿಯಷ್ಟೇ. ಅಲ್ಲಿನ ಕಷ್ಟ ತೇವ. ಬೆಂಗಳೂರಿನಲ್ಲಿ ಎಸಿ ಬೇಕಾಗುವ ದಿನಗಳೇ ಕಡಿಮೆ. ಆದ್ದರಿಂದ ಈ ಎರಡು ಕಡೆ ಒಂಟಿ ಮನೆಗೆ ಭೂಶಾಖ ಪಂಪ್ ಹಾಕಿಸಿ ಎಂದು ನಾನು ಹೇಳಲಾರೆ, ಹಾಕಿದ ಹಣ ಮರಳಿ ಬರುವುದು ಕಷ್ಟ. ಕಲಬುರಗಿ, ರಾಯಚೂರು, ವಿಜಯಪುರ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಗಾಳಿ 40 ದಾಟುತ್ತದೆ, ನೆಲ 27, 28ರ ಆಸುಪಾಸಿನಲ್ಲಿರುತ್ತದೆ. ಮಳೆಗಾಲ, ಚಳಿಗಾಲ ನೆಲಕ್ಕೆ ವಿಶ್ರಾಂತಿ ಕೊಡುತ್ತವೆ. ಅಲ್ಲೂ ಒಂಟಿ ಮನೆಗಿಂತ ಆಸ್ಪತ್ರೆ, ಹಾಸ್ಟೆಲ್, ಹೋಟೆಲ್‌ಗಳಿಗೆ ಇದು ಹೆಚ್ಚು ಹೊಂದುತ್ತದೆ. ಅವಕ್ಕೆ ವರ್ಷವಿಡೀ ತಂಪೂ ಬೇಕು, ನೂರಾರು ಜನರ ಸ್ನಾನಕ್ಕೆ, ಬಟ್ಟೆ ಒಗೆಯಲು ಬಿಸಿನೀರೂ ಬೇಕು. ವಾರ್ಡಿನಿಂದ ಎತ್ತಿದ ಬಿಸಿ ಬಚ್ಚಲಿನ ಹಂಡೆಗೆ ಹೋದರೆ ನೆಲದ ಖಾತೆಯಲ್ಲಿ ಜಮಾ ಆಗುವುದು ಅಷ್ಟು ಕಡಿಮೆ. ಊರಲ್ಲಿ ನರ್ಸಿಂಗ್ ಹೋಮ್, ಶಾಲೆ, ಲಾಡ್ಜ್ ಕಟ್ಟಲು ಹಣ ಹಾಕುವವರು ನಮ್ಮ ನಡುವೆಯೇ ಇದ್ದಾರೆ. ಅವರು ಎಂಜಿನಿಯರ್‌ಗೆ ಈ ಪ್ರಶ್ನೆ ಕೇಳಬೇಕು, ಅದೂ ಪಾಯ ತೆಗೆಯುವ ಮೊದಲು. ಕಟ್ಟಡ ಎದ್ದ ಮೇಲೆ ಕೊಳವೆ ಹೂಳಲು ಹೋದರೆ ಖರ್ಚು ಹೆಚ್ಚುತ್ತದೆ.

ಇದಕ್ಕಿಂತ ಸರಳವಾದ ದಾರಿಯೂ ಭಾರತದಲ್ಲಿ ನಡೆದಿದೆ. ದೆಹಲಿ ಹತ್ತಿರ ಗುರುಗ್ರಾಮದ ಗ್ವಾಲ್ ಪಹಾಡಿಯಲ್ಲಿ ಟೆರಿ ಸಂಸ್ಥೆ ಕಟ್ಟಿದ ರಿಟ್ರೀಟ್ ಎಂಬ ಕಟ್ಟಡದಲ್ಲಿ 4 ಮೀಟರ್ ಆಳದಲ್ಲಿ 70 ಮೀಟರ್ ಉದ್ದದ ನಾಲ್ಕು ಸುರಂಗಗಳಿವೆ. ಹೊರಗಿನ ಗಾಳಿ ಅವುಗಳ ಮೂಲಕ ಹಾದು ಹದವಾಗಿ ಕೋಣೆಗಳಿಗೆ ಬರುತ್ತದೆ. ಒಣ ಬಿಸಿಲಿನ ಬಯಲುಸೀಮೆಗೆ ಇದು ಹೊಂದುವ ಪಾಠ. ಕರಾವಳಿಯ ತೇವದ ಗಾಳಿಗೆ ಬೂಷ್ಟಿನ ಭಯವಿರುವುದರಿಂದ ಅಲ್ಲಿ ಯೋಚಿಸಿ ಮಾಡಬೇಕು. ಕೇಂದ್ರ ಸರ್ಕಾರವೂ 2025ರ ಸೆಪ್ಟೆಂಬರ್‌ನಲ್ಲಿ ಭೂಶಾಖದ ರಾಷ್ಟ್ರೀಯ ನೀತಿ ಪ್ರಕಟಿಸಿದೆ, ಅದರಲ್ಲಿ ಹೀಟ್ ಪಂಪ್‌ಗಳಿಗೂ ಜಾಗವಿದೆ. ಅಂದರೆ ಬರುವ ವರ್ಷಗಳಲ್ಲಿ ಈ ಹೆಸರು ಹೇಳಿಕೊಂಡು ಮಾರುವವರೂ ನಮ್ಮ ಊರಿಗೆ ಬರುತ್ತಾರೆ. ಗಲ್ಫ್ ಹಣದ ಮನೆಗೆ ಮೊದಲು ಬರುತ್ತಾರೆ.

ಮುಂದೆ ಹೋಗುವವರಿಗೆ

ನಮ್ಮ ಆಸ್ಪತ್ರೆಗಳ ನರ್ಸ್‌ಗಳು, ಫಾರ್ಮಸಿಸ್ಟ್‌ಗಳಲ್ಲಿ ಅನೇಕರು ಇಲ್ಲಿಂದ ಐರ್ಲೆಂಡ್, ಬ್ರಿಟನ್, ಜರ್ಮನಿ, ಕೆನಡಾಗಳಿಗೆ ಹೋಗುತ್ತಿದ್ದಾರೆ. ಅಲ್ಲಿ ಮನೆ ಬಾಡಿಗೆಗೆ ಹಿಡಿಯುವಾಗ ಬಾಡಿಗೆ ಎಷ್ಟು ಎಂದಷ್ಟೇ ಕೇಳಿದರೆ ಸಾಲದು, ಮನೆ ಬಿಸಿಯಾಗುವುದು ಯಾವುದರಿಂದ ಎಂದೂ ಕೇಳಬೇಕು. ಗ್ಯಾಸೋ, ಕಾಯಿಲ್ ಹೀಟರೋ, ಹೀಟ್ ಪಂಪೋ? ಚಳಿಗಾಲದ ಬಿಲ್ಲಿನಲ್ಲಿ ಆ ಉತ್ತರದ ಬೆಲೆ ಕಾಣುತ್ತದೆ. ಭೂಶಾಖ ಪಂಪ್ ತನ್ನ ಪೂರ್ತಿ ಗುಣ ತೋರಿಸುವುದು ಅಂಥ ನಾಡುಗಳಲ್ಲೇ.

ಎಸಿ ಮೆಕ್ಯಾನಿಕ್, ಪ್ಲಂಬರ್, ಎಲೆಕ್ಟ್ರಿಷಿಯನ್ ಗೆಳೆಯರಿಗೆ ನನ್ನ ಮಾತು ಇನ್ನೂ ನೇರ. ಐಟಿಐ ಮುಗಿಸಿ ಇಲ್ಲಿ ಹತ್ತು ಹದಿನೈದು ಬೇಸಿಗೆ ಕಳೆದವನಿಗೆ ಕಂಪ್ರೆಸರ್, ಗ್ಯಾಸ್ ಚಾರ್ಜ್, ಬ್ರೇಜಿಂಗ್, ಪ್ರೆಶರ್ ಗೇಜ್ ಎಲ್ಲ ಕೈಯಲ್ಲೇ ಇವೆ. ಹೀಟ್ ಪಂಪ್ ಅದೇ ಯಂತ್ರ. ದಿಕ್ಕು ತಿರುಗಿಸುವ ಒಂದು ವಾಲ್ವ್, ನೀರಿನ ಸುತ್ತು, ನೆಲದ ಕೊಳವೆಯ ಲೆಕ್ಕ ಇಷ್ಟು ಹೊಸದಾಗಿ ಕಲಿಯಬೇಕು. ಯುರೋಪಿನ ದೇಶಗಳು ಗ್ಯಾಸ್ ಬಾಯ್ಲರ್‌ಗಳನ್ನು ಬಿಟ್ಟು ಇದರ ಕಡೆ ತಿರುಗುತ್ತಿವೆ, ಅಳವಡಿಸುವ ಕೈಗಳು ಅಲ್ಲಿ ಬೇಕಾಗಿವೆ. ಪ್ರತಿ ದೇಶಕ್ಕೂ ಅದರದೇ ಸರ್ಟಿಫಿಕೇಟ್, ಭಾಷಾ ಪರೀಕ್ಷೆ ಇರುತ್ತದೆ, ಅದು ನಿಜ. ನರ್ಸ್‌ಗಳು ಅವನ್ನು ದಾಟಿ ಹೋದ ಹಾಗೆ ಮೆಕ್ಯಾನಿಕ್‌ಗಳೂ ಹೋಗಬಹುದು. ಏಜೆಂಟರ ಮಾತು ಕೇಳಿ ಹಣ ಕಟ್ಟುವ ಮೊದಲು ಆ ದೇಶದ ಅಧಿಕೃತ ನಿಯಮ ಓದಿಕೊಳ್ಳಿ.

ಸಂಘಕ್ಕೆ ಒಂದು ವಿನಂತಿ

ನಮ್ಮ ಸಂಘ ರಾಜ್ಯೋತ್ಸವ, ಕ್ರಿಕೆಟ್, ರಕ್ತದಾನ ಎಲ್ಲವನ್ನೂ ಚೆನ್ನಾಗಿ ನಡೆಸುತ್ತದೆ. ಅದರ ಜೊತೆಗೆ ವರ್ಷಕ್ಕೊಂದು ಶುಕ್ರವಾರ ಸಂಜೆಯನ್ನು ‘ಊರಿನ ಮನೆ’ಗೆ ಮೀಸಲಿಡೋಣ. ನಮ್ಮ ನಡುವೆಯೇ ಸಿವಿಲ್ ಎಂಜಿನಿಯರ್‌ಗಳಿದ್ದಾರೆ, ಡಿಸ್ಟ್ರಿಕ್ಟ್ ಕೂಲಿಂಗ್ ಸ್ಥಾವರದಲ್ಲಿ ಕೆಲಸ ಮಾಡುವವರಿದ್ದಾರೆ, ಟೆರೇಸ್ ಮೇಲಿನ ಯೂನಿಟ್‌ಗಳನ್ನು ಕಣ್ಣುಮುಚ್ಚಿ ಬಿಚ್ಚಬಲ್ಲ ಮೆಕ್ಯಾನಿಕ್‌ಗಳಿದ್ದಾರೆ. ಮನೆ ಕಟ್ಟಿಸಲಿರುವವರು ಪ್ಲಾನ್ ಹಿಡಿದು ಬರಲಿ. ಪಶ್ಚಿಮಕ್ಕೆ ಯಾವ ಗೋಡೆ, ಸ್ಲ್ಯಾಬಿನ ಮೇಲೆ ಏನು, ಬಿಸಿನೀರು ಎಲ್ಲಿಂದ, ಅಪ್ಪ ಅಮ್ಮ ಮಲಗುವ ಕೋಣೆ ಯಾವ ಮಹಡಿಯಲ್ಲಿ ಎಂಬ ನಾಲ್ಕು ಪ್ರಶ್ನೆಗಳನ್ನು ಕೂತು ಮಾತಾಡೋಣ. ಭೂಶಾಖ ಪಂಪ್ ಯಾರಿಗಾದರೂ ಹೊಂದುವುದಾದರೆ ಅದೂ ಅಲ್ಲೇ ತಿಳಿಯುತ್ತದೆ. ಹೊಂದದವರಿಗೆ ಎರಡು ಡಬ್ಬಿ ಬಿಳಿ ಬಣ್ಣ, ಒಂದು ಬೇವಿನ ಸಸಿ ಸಾಕಾಗಬಹುದು.

ಮೊದಲ ಸಭೆಗೆ ಥರ್ಮಾಮೀಟರ್‌ಗಳನ್ನು ನಾನು ತರುತ್ತೇನೆ. ರಜೆಗೆ ಹೋಗುವವರು ಒಂದೊಂದನ್ನು ಒಯ್ದು ಊರಿನ ಮನೆಯಲ್ಲಿ ಅಪ್ಪ ಅಮ್ಮನ ಮಂಚದ ಪಕ್ಕ ತೂಗುಹಾಕಿ, ಮಧ್ಯರಾತ್ರಿ ಎಷ್ಟಿರುತ್ತದೆ ಎಂದು ಬರೆದುಕೊಂಡು ಬನ್ನಿ. ಮುಂದಿನ ಮಾತನ್ನು ಆ ಅಂಕಿಯಿಂದ ಶುರು ಮಾಡೋಣ.